ಓದುವುದಕ್ಕೂ ಮುಯ್ಯಾಳು

ಉತ್ತರಪತ್ರಿಕೆಗಳ ಕಟ್ಟು ಮನೆಗೆ ಬಂದ ದಿನವೇ ನನಗೆ ಮನೆಯ ಜೇಡರ ಬಲೆಗಳೆಲ್ಲ ಕಣ್ಣಿಗೆ ಬೀಳುತ್ತವೆ. ವರ್ಷವಿಡೀ ಅವು ಅಲ್ಲೇ ಇರುತ್ತವೆ, ನಾನೂ ಅಲ್ಲೇ ಇರುತ್ತೇನೆ, ಇಬ್ಬರಿಗೂ ತಕರಾರಿಲ್ಲ. ಕಟ್ಟು ಮೇಜಿನ ಮೇಲೆ ಬಂದು ಕೂತಿತೋ, ಕಸಬರಿಗೆಯನ್ನು ಕೋಲಿಗೆ ಕಟ್ಟಿ ಮೂಲೆಮೂಲೆ ಝಾಡಿಸತೊಡಗುತ್ತೇನೆ. ಆಮೇಲೆ ಗ್ಯಾಸ್ ಒಲೆ ಉಜ್ಜುತ್ತೇನೆ. ಅದಾದ ಮೇಲೆ ಮಸಾಲೆ ಡಬ್ಬಿ. ಪತ್ರಿಕೆಗಳ ಕಟ್ಟಿನ ದಾರ ಮಾತ್ರ ಬಿಚ್ಚುವುದಿಲ್ಲ. ಮಸ್ಕಿಯ ನಮ್ಮ ಓಣಿಯಲ್ಲಿ ನನಗೆ ‘ಭಾಳ ಸ್ವಚ್ಛ ಹೆಣ್ಮಗಳು’ ಎಂಬ ಹೆಸರಿದೆ. ಅದರ ಒಳಗುಟ್ಟು ಇದು, ನಿಮ್ಮಲ್ಲೇ ಇರಲಿ.

ಐವತ್ತು ದಾಟಿದ ಶಾಲಾ ಶಿಕ್ಷಕಿ ಹೀಗೆ ಮಾಡಿದರೆ ಅದು ಸ್ವಚ್ಛತೆ. ಇಪ್ಪತ್ತರ ಹುಡುಗಿ ಮಾಡಿದರೆ ಸೋಮಾರಿತನ. ಸಿಂಧನೂರಿನಲ್ಲಿ ಡಿಗ್ರಿ ಓದುವ ನನ್ನ ಅಕ್ಕನ ಮಗಳು ಶಿವಲೀಲಾಗೆ ಸಿಕ್ಕಿದ್ದು ಈ ಎರಡನೆಯ ಬಿರುದು.

ಲೀಲಾ ದಡ್ಡಿಯಲ್ಲ. ಹರಟೆಗೆ ಕೂತರೆ ತನ್ನ ಪಾಠವನ್ನೆಲ್ಲ ನನಗೇ ತಿಳಿಸಿ ಹೇಳಿಯಾಳು. ಆದರೆ ಒಬ್ಬಳೇ ಪುಸ್ತಕ ಹಿಡಿದು ಕೂತರೆ ಮೊದಲ ಪುಟದಲ್ಲೇ ಸಂಜೆಯಾಗುತ್ತಿತ್ತು. ಯಾವುದು ಮೊದಲು, ಯಾವುದು ಆಮೇಲೆ ಎಂದು ತಿಳಿಯದೆ ಒಂದನ್ನು ಹಿಡಿದು, ಬಿಟ್ಟು, ಇನ್ನೊಂದನ್ನು ಹಿಡಿದು, ಕೊನೆಗೆ ಎರಡನ್ನೂ ಬಿಟ್ಟು ಮೊಬೈಲ್ ಹಿಡಿಯುತ್ತಿದ್ದಳು. ಹೀಗಾಗಿ ಎರಡು ವಿಷಯಗಳಲ್ಲಿ ಫೇಲಾದಳು.

ಅಲ್ಲಿಂದ ಮನೆಯವರ ಉಪಚಾರ ಶುರುವಾಯಿತು. ನಮ್ಮ ಕಡೆ ಮಗಳನ್ನು ಓದಿಸುವುದೆಂದರೆ ಮೊದಲು ಅವಳನ್ನು ಎಲ್ಲ ಕೆಲಸಗಳಿಂದ ಬಿಡಿಸುವುದು. ಅಕ್ಕ ರೊಟ್ಟಿ ಬಡಿಯುವುದರಿಂದ ಬಿಡಿಸಿದಳು. ಅವಳ ಗಂಡ, ಅಂದರೆ ನಮ್ಮ ಮಾವ, ಮಾಳಿಗೆಯ ಮೇಲೊಂದು ಕೋಣೆ ಖಾಲಿ ಮಾಡಿಸಿ, ಮೇಜು, ಕುರ್ಚಿ, ಫ್ಯಾನು ಹಾಕಿಸಿ, “ಲೀಲಾ ಓದಾಕತ್ತಾಳ, ಯಾರೂ ಮ್ಯಾಲೆ ಹೋಗಬ್ಯಾಡ್ರಿ” ಎಂದು ಫರ್ಮಾನು ಹೊರಡಿಸಿದರು. ಊಟವೂ ತಾಟಿನಲ್ಲಿ ಮೇಲಕ್ಕೆ ಹೋಗತೊಡಗಿತು. ಬಂದ ನೆಂಟರು ಸತ್ತವರ ಮನೆಗೆ ಬಂದವರಂತೆ ಪಿಸುಗುಟ್ಟಿ ಚಹಾ ಕುಡಿದು ಹೋಗುತ್ತಿದ್ದರು.

ಮೇಲೆ ಹೋದ ತಾಟು ಹೋದಂತೆಯೇ ಕೆಳಗೆ ಬರತೊಡಗಿದಾಗ ಅಕ್ಕನಿಗೆ ಗಾಬರಿಯಾಯಿತು. ನನಗೆ ಫೋನ್ ಮಾಡಿದಳು. “ಏ ತಂಗಿ, ಈಕಿ ಪರೀಕ್ಷಾಕ ಕುಂದ್ರೂದಿಲ್ಲಂತ, ಕಾಲೇಜು ಬಿಡ್ತಾಳಂತ. ‘ನಾ ಯಾತಕ್ಕೂ ಬರದಾಕಿ’ ಅನ್ನಾಕತ್ತಾಳ. ಒಂದೀಟು ಬಂದು ಹೋಗ.”

ಪರೀಕ್ಷೆಯ ಚಿಂತೆ ನನಗಾಗಲಿಲ್ಲ. ಅದು ಬ್ಯಾಡವೆಂದರೂ ಮತ್ತೆ ಬರುತ್ತದೆ. ‘ಯಾತಕ್ಕೂ ಬರದಾಕಿ’ ಎಂಬ ಮಾತಿಗೆ ಮಾತ್ರ ಹೆದರಿದೆ. ಹುಡುಗಿ ಅದನ್ನು ನಿಜವೆಂದು ನಂಬಿಬಿಟ್ಟರೆ ಉಳಿಯುವುದೇನು?

ಲಿಂಗಸುಗೂರಿಗೆ ವಾರಕ್ಕೊಮ್ಮೆ ಬರುವ ಮನೋವೈದ್ಯೆಯೊಬ್ಬರ ಹತ್ತಿರ ಅಕ್ಕ, ಲೀಲಾ, ನಾನು ಮೂವರೂ ಹೋದೆವು. ಆಕೆ ‘ಕಾರ್ಯನಿರ್ವಹಣಾ ಸಾಮರ್ಥ್ಯ’ ಎಂಬುದೊಂದರ ಬಗ್ಗೆ ಹೇಳಿದರು. ಕೇಳಲು ಸರಕಾರಿ ಸುತ್ತೋಲೆಯಂತಿದ್ದರೂ ಅರ್ಥ ಸರಳ: ಕೆಲಸ ಶುರು ಮಾಡುವುದು, ಹಿಡಿದದ್ದನ್ನು ನೆನಪಿಟ್ಟುಕೊಳ್ಳುವುದು, ನಡುವೆ ದಾರಿ ತಪ್ಪಿದರೆ ಮರಳಿ ಬರುವುದು. ಇದು ಬುದ್ಧಿಯಲ್ಲ, ಬುದ್ಧಿಯನ್ನು ಕೆಲಸಕ್ಕೆ ಹಚ್ಚುವ ಶಕ್ತಿ. ಕಾಲುವೆ ತುಂಬಿ ಹರಿಯುತ್ತಿದ್ದರೂ ತೂಬು ಎತ್ತದಿದ್ದರೆ ಗದ್ದೆಗೆ ನೀರಿಲ್ಲ ಎಂದು ನಾನು ಅಕ್ಕನಿಗೆ ತಿಳಿಸಿ ಹೇಳಿದೆ. ಹರೆಯದಲ್ಲಿ ಈ ಶಕ್ತಿ ಇನ್ನೂ ಬಲಿಯುತ್ತಿರುತ್ತದಂತೆ. ಕೆಲಸ ನಿಂತರೆ ಮನಸ್ಸು ಕುಗ್ಗುತ್ತದೆ, ಮನಸ್ಸು ಕುಗ್ಗಿದರೆ ಕೆಲಸ ಇನ್ನಷ್ಟು ನಿಲ್ಲುತ್ತದೆ.

ಮೇಲಿನ ಕೋಣೆಯಲ್ಲಿ ಕೂತಾಗ ಏನನಿಸುತ್ತದೆ ಎಂದು ವೈದ್ಯೆ ಕೇಳಿದರು. ಲೀಲಾ ನೆಲ ನೋಡುತ್ತ ಹೇಳಿದಳು. “ಎಲ್ಲಾರೂ ನನ್ನ ಬಿಟ್ಟು ಕೆಳಗ ಹೋಗ್ಯಾರ ಅನಸ್ತೈತ್ರಿ.”

ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನನಗೂ ಕಣ್ಣು ತುಂಬಿತು.

ಶುರು ಮಾಡುವುದು ಕಷ್ಟವೆಂದು ನಮ್ಮ ಹಿರಿಯರಿಗೆ ಗೊತ್ತಿರಲಿಲ್ಲವೆ? ಗೊತ್ತಿದ್ದಕ್ಕೇ ಅಲ್ಲವೆ ಆರಂಭಕ್ಕೆಂದೇ ಸೊಂಡಿಲಿನ ದೇವರೊಬ್ಬನನ್ನು ಇಟ್ಟದ್ದು? ಮುಗಿಸುವುದಕ್ಕೆ ಬರೀ ಮಂಗಳಾರತಿ ಸಾಕಾಯಿತು. ಆದರೂ ಆರಂಭಿಸಿ ಬಿಟ್ಟವನನ್ನು ‘ಆರಂಭಶೂರ’ ಎಂದು ಹಂಗಿಸಿದ ನಾವು, ಆರಂಭಿಸಲಾಗದೆ ಒದ್ದಾಡುವವರಿಗೆ ಒಂದು ಒಳ್ಳೆಯ ಹೆಸರನ್ನೂ ಕೊಡಲಿಲ್ಲ. ತಿರುಗಿ ಬರುವ ಬಸ್ಸಿನಲ್ಲಿ ನಾನು ಹೀಗೆ ಪಾಂಡಿತ್ಯ ಹರಿಸುತ್ತಿದ್ದರೆ ಅಕ್ಕ ಕಿಟಕಿಯ ಹೊರಗೆ ನೋಡುತ್ತಿದ್ದಳು.

“ನಮ್ಮ ಗೊರೇಬಾಳದ ಗದ್ಯಾಗ ಕಳೆ ತಗಿಯಾಕ ಒಬ್ಬಾಕಿನ್ನ ಬಿಟ್ರ ಆಕಿ ಬದುವಿನ ಮ್ಯಾಲೆ ಕುಂತು ಅಳ್ತಾಳ,” ಎಂದಳು ಥಟ್ಟನೆ. “ನಾಕು ಮಂದಿ ಕೂಡಿದ್ರ ಹಾಡು ಹೇಳ್ಕೋತ ಮುಗಸ್ತಾರ. ನಾಳಿಂದ ನಾ ಮುಯ್ಯಾಳು ಬರ್ತೀನಿ, ಲೀಲಾ.”

ಮುಯ್ಯಾಳು ಎಂದರೆ ಇಂದು ನಾನು ನಿನ್ನ ಹೊಲಕ್ಕೆ, ನಾಳೆ ನೀನು ನನ್ನ ಹೊಲಕ್ಕೆ. ಕೂಲಿಯ ಮಾತೇ ಇಲ್ಲ. ಅದನ್ನು ಓದಿಗೂ ಹಚ್ಚಬಹುದೆಂದು ನನಗಂತೂ ಹೊಳೆದಿರಲಿಲ್ಲ.

ಮರುದಿನವೇ ಮೇಜು ಕುರ್ಚಿ ಪಡಸಾಲೆಗೆ ಇಳಿದವು. ಲೀಲಾ ಪುಸ್ತಕ ತೆರೆಯುವುದಕ್ಕೂ ಅಕ್ಕ ಎದುರಿಗೆ ಕೂತು ಅಕ್ಕಿ ಆರಿಸುವುದಕ್ಕೂ ಒಂದೇ ಹೊತ್ತು. ಅಕ್ಕ ಓದಿನ ವಿಷಯ ಚಕಾರ ಎತ್ತುವುದಿಲ್ಲ. ಉಪದೇಶ ಮಾಡಲು ಬಂದ ಮಾವನ ಮುಂದೆ ಬಳ್ಳೊಳ್ಳಿಯ ಪುಟ್ಟಿ ಇಟ್ಟು “ಸುಲೀರಿ” ಎಂದಳು. ಲೀಲಾ ರೊಟ್ಟಿಗೂ ಮರಳಿದಳು. ವೈದ್ಯೆಯ ಹತ್ತಿರ ಹೋಗಿಬರುವುದೂ ನಡೆದಿತ್ತು. ಕೆಲವು ದಿನ ಪುಸ್ತಕ ಓಡಿತು, ಕೆಲವು ದಿನ ಇಬ್ಬರೂ ಅಳುವುದರಲ್ಲೇ ಕಳೆದರು. ಪರೀಕ್ಷೆಗೆ ಕೂತಳು; ಒಂದು ವಿಷಯ ಪಾಸಾಯಿತು, ಇನ್ನೊಂದು ಹಾಗೇ ಉಳಿಯಿತು. ಆ ಸುದ್ದಿ ಹೇಳುವಾಗ ಹುಡುಗಿ ಎರಡನೆಯ ರೊಟ್ಟಿ ಮುರಿಯುತ್ತಿದ್ದಳು. ನನಗೆ ಅಷ್ಟು ಸಾಕಾಗಿತ್ತು.

ಮುಯ್ಯಿ ಮಾಡಿಸಿಕೊಂಡವರು ತಿರುಗಿ ಹೋಗಲೇಬೇಕಲ್ಲ. “ನಿಂದು ಯಾವ ಕೆಲಸ ನಿಂತೈತಿ ಹೇಳಬೇ” ಎಂದು ಲೀಲಾ ತಾಯಿಗೆ ಗಂಟುಬಿದ್ದಳು. ಆಗ ಹೊರಬಿತ್ತು. ಸಕ್ಕರೆ ಕಾಯಿಲೆಯ ಅನುಮಾನ, ರಕ್ತ ತಪಾಸಣೆ ಮಾಡಿಸು ಎಂದು ಡಾಕ್ಟರು ಹೇಳಿ ಎಷ್ಟೋ ಕಾಲವಾಗಿದೆ. ಅಕ್ಕ ಒಮ್ಮೆ ಹಬ್ಬವೆಂದು, ಒಮ್ಮೆ ನಾಟಿಯೆಂದು, ಒಮ್ಮೆ ಬೀಗರು ಬಂದರೆಂದು ಮುಂದೂಡುತ್ತಲೇ ಬಂದಿದ್ದಾಳೆ.

ಮೊನ್ನೆ ಮೂವರೂ ದವಾಖಾನೆಗೆ ಹೋದೆವು. ಬಾಗಿಲಲ್ಲಿ ಅಕ್ಕ ನಿಂತುಬಿಟ್ಟಳು. “ಇವತ್ತ ಅಮಾಸಿ. ಅಮಾಸಿ ದಿನ ರಕ್ತ ಕೊಡಬಾರ್ದು. ನಾಳೆ ಬರೂನು.”

ನನಗೆ ಸಿಟ್ಟು ನೆತ್ತಿಗೇರಿತು. “ಏನ್ ಸೋಮಾರಿ ಇದ್ದೀ ಅಕ್ಕ!” ಎಂದುಬಿಟ್ಟೆ.

ಲೀಲಾ ತಾಯಿಯ ಕೈ ಹಿಡಿದುಕೊಂಡಳು. “ಹಂಗ ಅನಬ್ಯಾಡ ಚಿಗವ್ವ. ಅವ್ವ ಸೋಮಾರಿ ಅಲ್ಲ. ಆಕಿಗೆ ಅಂಜಿಕಿ ಆಗೈತಿ.” ಆಮೇಲೆ ತಾಯಿಯ ಕಡೆ ತಿರುಗಿ, “ನಡಿಬೇ, ಬಾಜೂಕ ನಾ ಕುಂದರ್ತೀನಿ,” ಎಂದಳು.

ಅಕ್ಕ ಚಪ್ಪಲಿ ಬಿಟ್ಟು ಒಳಗೆ ನಡೆದಳು. ನಾನು ಹೊರಗೆ ಅವರಿಬ್ಬರ ಚಪ್ಪಲಿ ಕಾಯುತ್ತ ಕೂತೆ. ಆ ಹೊತ್ತಿಗೆ ನನ್ನ ಕೈಲಾಗುವ ಮುಯ್ಯಿ ಅಷ್ಟೇ ಇತ್ತು.