ಬಾಡಿ ಅನ್ನೋದು ಗಾಡಿಗೆ ಮಾತ್ರ

ಆಸ್ಪತ್ರೆಯ ಮುಂದಿನ ಗೇಟಿನಲ್ಲಿ ಹೂಕುಂಡಗಳಿವೆ, ತಾನಾಗಿ ತೆರೆದುಕೊಳ್ಳುವ ಗಾಜಿನ ಬಾಗಿಲಿದೆ, ಬಂದವರಿಗೆಲ್ಲ ಸಲಾಮು ಹೊಡೆಯುವ ಕಾವಲುಗಾರನಿದ್ದಾನೆ. ಹಿಂದಿನ ಗೇಟಿನಲ್ಲಿ ಕಸದ ಡಬ್ಬಗಳಿವೆ. ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಆ ಡಬ್ಬಗಳಿಗೆ ಒತ್ತಿಕೊಂಡು ನಿಂತ ಹಳೆಯ ಎಸ್‌ಯುವಿಯ ಬಾನೆಟ್ ಎತ್ತಿ, ಐವತ್ತು ದಾಟಿದ ಹೆಂಗಸೊಬ್ಬರು ರೇಡಿಯೇಟರಿಗೆ ನೀರು ಸುರಿಯುತ್ತಿದ್ದಾರೆ. ಗಾಡಿಯ ಬಣ್ಣ ಒಂದು ಕಾಲಕ್ಕೆ ಬಿಳಿ ಇದ್ದಿರಬೇಕು. ಎಡಗಡೆಯ ಬಾಗಿಲು ಒಳಗಿನಿಂದ ತೆರೆಯುವುದಿಲ್ಲ, ಬಲಗಡೆಯದು ಹೊರಗಿನಿಂದ ತೆರೆಯುವುದಿಲ್ಲ. ಎರಡರ ಮರ್ಜಿಯೂ ಅವರಿಗೆ ಗೊತ್ತು.

ಇಲ್ಲಿ ಎಲ್ಲರೂ ಅವರನ್ನು ಕರೆಯುವುದು ಹಿಂದಿನ ಗೇಟಿನ ಅಕ್ಕ ಎಂದು. ಆಸ್ಪತ್ರೆಯಲ್ಲಿ ತೀರಿಕೊಂಡವರನ್ನು ಮನೆ ಮುಟ್ಟಿಸುವುದು ಅವರ ಕೆಲಸ. ಅದರಲ್ಲೂ ಡಾಂಬರು ಮುಗಿದ ಮೇಲಿನ ಊರುಗಳಿಗೆ, ಕಲ್ಲುದಾರಿಯ ಏರುಗಳಿಗೆ, ಆಸ್ಪತ್ರೆಯ ವ್ಯಾನು ಕಣ್ಣೆತ್ತಿಯೂ ನೋಡದ ಕಡೆಗೆ.

ಬಾಗಿಲ ಸಂದಿಯಿಂದ ಅಟೆಂಡರ್ ತಲೆ ಹಾಕುತ್ತಾನೆ. "ಅಕ್ಕಾ, ಬಾಡಿ ರೆಡಿ ಇದೆ. ತಗೊಂಡು ಹೋಗಿ."

ಅಕ್ಕ ನೀರಿನ ಕ್ಯಾನನ್ನು ಕೆಳಗಿಡುತ್ತಾರೆ. "ಬಾಡಿ ಅನ್ನೋದು ಗಾಡಿಗೆ ಇರುತ್ತೆ ಕಣಪ್ಪ. ಮನುಷ್ಯರಿಗೆ ಹೆಸರಿರುತ್ತೆ. ಒಳಗಿರೋರ ಹೆಸರೇನು?"

"ಹೆಸರು ಕಟ್ಕೊಂಡು ನಿಮಗೇನಾಗಬೇಕಕ್ಕಾ? ದಿನಾ ಇದೇ ರಾಮಾಯಣ ನಿಮ್ಮದು."

"ಹೆಸರು ಕೇಳ್ಕೊಂಡು ಬಾ ಹೋಗು. ಆಮೇಲೆ, ತಗೊಂಡು ಹೋಗೋದಕ್ಕೆ ಅವರೇನು ತರಕಾರಿ ಅಲ್ಲ. ಕರ್ಕೊಂಡು ಹೋಗ್ತೀನಿ ನಾನು."

ಅಟೆಂಡರ್ ಗೊಣಗುತ್ತಾ ಒಳಗೆ ಹೋಗುತ್ತಾನೆ. ಗೋಡೆಗೆ ಒರಗಿ ನಿಂತ ಮುದುಕರೊಬ್ಬರು ಮೆಲ್ಲಗೆ ಆ ಹೆಸರನ್ನು ಹೇಳುತ್ತಾರೆ. ಅವರ ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ಹೆಂಡತಿಯ ಚಪ್ಪಲಿ. ಅಕ್ಕ ಆ ಹೆಸರನ್ನು ಒಮ್ಮೆ ಬಾಯಲ್ಲಿ ಹೇಳಿಕೊಂಡು, ಹಿಂದಿನ ಬಾಗಿಲು ತೆರೆದು, ಹಲಗೆಯ ಮೇಲಿನ ಬಟ್ಟೆಯನ್ನು ಸುಕ್ಕಿಲ್ಲದಂತೆ ಎಳೆದು ಹಾಸುತ್ತಾರೆ.

ಈ ಗಾಡಿ ಕಸದ ಡಬ್ಬಗಳ ಪಕ್ಕ ಯಾಕೆ ನಿಲ್ಲಬೇಕು? ಒಳಗೆ ನಿಂತರೆ ರೋಗಿಗಳ ಧೈರ್ಯ ಕುಂದುತ್ತದಂತೆ. ಆಡಳಿತ ಕಚೇರಿಯವರು ಹಾಗೆಂದು ಅಪ್ಪಣೆ ಕೊಡಿಸಿದ್ದಾರೆ. ಔಷಧ ಕಂಪನಿಯವರ ಕಾರುಗಳಿಗೆ ಆವರಣದೊಳಗೆ ತಗಡಿನ ಮಾಡು ಇದೆ. ಇಡೀ ರಾತ್ರಿ ಕಣ್ಣೀರು ಹಾಕಿ ಹೊರಗೆ ಬಂದವರು ಮಾತ್ರ ಮೂಗು ಮುಚ್ಚಿಕೊಂಡು ಈ ಡಬ್ಬಗಳ ನಡುವೆ ನಿಂತು ತಮ್ಮವರನ್ನು ಗಾಡಿಗೆ ಹತ್ತಿಸಬೇಕು. ತೀರಿಕೊಂಡ ಇವರೂ ಬದುಕಿದ್ದಾಗ ಮುಂದಿನ ಬಾಗಿಲಲ್ಲಿ ಸಲಾಮು ಹೊಡೆಸಿಕೊಂಡವರೇ. ಉಸಿರು ನಿಂತ ಕೂಡಲೇ ಮರ್ಯಾದೆಯೂ ನಿಂತುಬಿಡಬೇಕೆಂದು ಯಾವ ಪುಣ್ಯಾತ್ಮ ನಿಯಮ ಮಾಡಿದನೋ ಗೊತ್ತಿಲ್ಲ. ಅಕ್ಕ ಒಂದು ನೆರಳಿನ ಜಾಗ ಕೇಳಿ ಕಚೇರಿಗೆ ಅಲೆದು ಅಲೆದು ಸಾಕಾಗಿದ್ದಾರೆ. ಅಲ್ಲಿ ಯಾರೂ ಇಲ್ಲ ಎನ್ನುವುದಿಲ್ಲ, ಹೂಂ ಎನ್ನುವುದೂ ಇಲ್ಲ.

ಈ ಕೆಲಸ ಅವರು ಬಯಸಿ ತೆಗೆದುಕೊಂಡದ್ದಲ್ಲ. ಬಹಳ ವರ್ಷಗಳ ಹಿಂದೆ ಅವರ ಅತ್ತೆ ಇದೇ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಯಾವ ಗಾಡಿಯೂ ಏರು ಹತ್ತಲು ಒಪ್ಪಲಿಲ್ಲ. ಕೊನೆಗೆ ಸಾಮಾನು ಸಾಗಿಸುವ ಗಾಡಿಯೊಂದರಲ್ಲಿ, ಈರುಳ್ಳಿ ಮೂಟೆಗಳ ನಡುವೆ ಮಲಗಿಸಿಕೊಂಡು ಹೋಗಬೇಕಾಯಿತು. ಅಕ್ಕನ ಗಂಡ ಆಗ ಬಾಡಿಗೆ ಕಾರಿನ ಚಾಲಕ. ತಾಯಿಯ ಸೆರಗಿಗೆ ಅಂಟಿದ ಈರುಳ್ಳಿ ಸಿಪ್ಪೆಯನ್ನು ಒಂದೊಂದಾಗಿ ಕಿತ್ತ ಅವರು ಮರು ತಿಂಗಳೇ ಈ ಎಸ್‌ಯುವಿಯನ್ನು ಸೆಕೆಂಡ್ ಹ್ಯಾಂಡಿಗೆ ಕೊಂಡು, ಹಿಂದಿನ ಸೀಟು ಕಿತ್ತು, ಹಲಗೆ ಜೋಡಿಸಿದರು. ಆಮೇಲೆ ಅವರ ಬೆನ್ನು ಹೋಯಿತು. ಗಾಡಿ ನಿಲ್ಲಬಾರದೆಂದು ಅಕ್ಕ ಸ್ಟಿಯರಿಂಗ್ ಹಿಡಿದರು. ಹಿಡಿದದ್ದನ್ನು ಇನ್ನೂ ಬಿಟ್ಟಿಲ್ಲ.

"ಧರ್ಮಕ್ಕೆ ಮಾಡ್ತಿದ್ದೀನಿ ಅಂತ ಬರೀಬೇಡಿ ಮತ್ತೆ" ಎಂದು ಅಕ್ಕ ಮೊದಲೇ ಗದರಿಸುತ್ತಾರೆ. "ಡೀಸೆಲ್ಲು ಧರ್ಮಕ್ಕೆ ಬರಲ್ಲ. ಇದ್ದೋರ ಹತ್ರ ತಗೋತೀನಿ. ಇಲ್ಲದೋರ ಮುಖ ನೋಡಿದ್ರೆ ಗೊತ್ತಾಗುತ್ತೆ, ಕೇಳಲ್ಲ."

ಮನೆಯ ಮುಂದಿನ ಕಟ್ಟೆಯ ಮೇಲೆ ಬೆನ್ನಿಗೆ ಬೆಲ್ಟು ಬಿಗಿದುಕೊಂಡು ಕೂತ ಗಂಡ ನಗುತ್ತಾರೆ. "ಬಾಡಿ ಅಂದ್ರೆ ಇವಳಿಗೆ ಮೈ ಉರಿಯುತ್ತೆ. ಬಾಡಿಗೆ ಅಂದ್ರೆ ಮಾತ್ರ ಕಿವಿ ನೆಟ್ಟಗಾಗುತ್ತೆ!" ಗಾಡಿಯನ್ನು ಅವರು ಮುದುಕಿ ಎಂದೇ ಕರೆಯುತ್ತಾರೆ. ತಿರುವಿನಾಚೆ ಅದರ ಸದ್ದು ಕೇಳಿದರೆ ಸಾಕು, ಇವತ್ತು ಮುದುಕಿಗೆ ಎಲ್ಲಿ ನೋವು ಎಂದು ಕೂತಲ್ಲೇ ಹೇಳಿಬಿಡುತ್ತಾರೆ.

ಆದರೆ ಆ ಬೆಳಿಗ್ಗೆ ನಡೆದದ್ದು ನಗುವ ವಿಷಯವಲ್ಲ. ಚಪ್ಪಲಿಯ ಚೀಲ ತೊಡೆಯ ಮೇಲಿಟ್ಟುಕೊಂಡು ಮುದುಕರು ಮುಂದೆ ಕೂತಿದ್ದಾರೆ. ಕಲ್ಲುದಾರಿ ಶುರುವಾಗಿದೆ. ಗುಂಡಿ ಬಂದಲ್ಲೆಲ್ಲ ಅಕ್ಕ ಎಂದಿನಂತೆ ಹಿಂದಕ್ಕೆ ಕತ್ತು ತಿರುಗಿಸಿ "ಸ್ವಲ್ಪ ಕುಲುಕುತ್ತೆ ಅಮ್ಮಾ" ಎಂದು ಹೇಳುತ್ತಿದ್ದಾರೆ. ಕಡಿದಾದ ಏರಿನಲ್ಲಿ ಹಿಂದಿನಿಂದ ಕರ್ರೆಂದು ಸದ್ದು ಬಂತು. ತುಕ್ಕು ತಿಂದ ನೆಲದ ತಗಡನ್ನು ಹರಿದುಕೊಂಡು ಹಲಗೆಯ ಬೋಲ್ಟು ಕಿತ್ತು ಬಂದಿತ್ತು. ಹಲಗೆ ವಾಲಿತು. ಮೇಲಿದ್ದವರು ಜಾರಿದರು.

ಅಕ್ಕ ಗಾಡಿ ನಿಲ್ಲಿಸಿ ಹಗ್ಗ ಬಿಗಿದರೂ ಹಲಗೆ ನಿಲ್ಲಲಿಲ್ಲ. ಕೊನೆಗೆ ಆ ಮುದುಕರೇ ಹಿಂದೆ ಹತ್ತಿ, ತೂತುಬಿದ್ದ ನೆಲದ ಮೇಲೆ ಕಾಲು ಚಾಚಿ ಕೂತು, ಮನೆ ಬರುವ ತನಕ ಹೆಂಡತಿಯನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದುಕೊಂಡರು. ಇಳಿದ ಮೇಲೆ ಅಕ್ಕನಿಗೆ ಕೈ ಮುಗಿದರು. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು ಎನ್ನುತ್ತಾರೆ ಅಕ್ಕ. "ಈರುಳ್ಳಿ ಮೂಟೆ ಬೇಡ ಅಂತ ತಾನೇ ಈ ಗಾಡಿ ತಂದಿದ್ದು? ಅದಕ್ಕಿಂತ ಕಡೆಯಾಯ್ತಲ್ಲ ನಂದು!"

ಮೆಕ್ಯಾನಿಕ್ ಗಾಡಿಯ ಅಡಿಗೆ ತೂರಿ, ಸ್ಕ್ರೂಡ್ರೈವರಿನಿಂದ ತಗಡನ್ನು ಚುಚ್ಚಿದ. ಚುಚ್ಚಿದಲ್ಲೆಲ್ಲ ಪುಡಿ ಉದುರಿತು. ಹೊರಗೆ ಬಂದು ಕೈ ಒರೆಸಿಕೊಳ್ಳುತ್ತಾ ತೀರ್ಪು ಕೊಟ್ಟ. "ಇಂಜಿನ್ನಿಗೆ ಒಂದಿಷ್ಟು ಕೆಲಸ ಇದೆ, ಅದು ಎದ್ದು ಕೂರುತ್ತೆ. ಚಾಸಿ ಗಟ್ಟಿ ಇದೆ. ಬಾಡಿ ಮಾತ್ರ ಸತ್ತಿದೆ ಅಕ್ಕಾ. ನೆಲ ಪೂರ್ತಿ ಕತ್ತರಿಸಿ ಹೊಸ ತಗಡು ಹಾಕಬೇಕು. ಅದಕ್ಕೆ ಸುರಿಯೋ ದುಡ್ಡಿಗೆ ಇನ್ನೊಂದು ಸೆಕೆಂಡ್ ಹ್ಯಾಂಡ್ ಗಾಡೀನೇ ಬರುತ್ತೆ. ನಾನಾಗಿದ್ರೆ ಇದನ್ನ ಗುಜರಿಗೆ ಹಾಕ್ತಿದ್ದೆ."

ಅವತ್ತು ಮನೆಯಲ್ಲಿ ಗಂಡ ಹೆಂಡಿರ ನಡುವೆ ದೊಡ್ಡ ಜಟಾಪಟಿ. ಮುದುಕಿಯನ್ನು ಗುಜರಿಗೆ ಹಾಕುವ ಮಾತು ಗಂಡನ ಗಂಟಲಲ್ಲಿ ಇಳಿಯಲಿಲ್ಲ. ಅಕ್ಕನ ಕಣ್ಣ ಮುಂದೆ ಇದ್ದದ್ದು ತಬ್ಬಿ ಹಿಡಿದ ಆ ಎರಡು ಕೈಗಳು ಮಾತ್ರ. ಬೇಗ ರಸ್ತೆಗೆ ಬರುವ, ನೆಲ ಗಟ್ಟಿ ಇರುವ ಗಾಡಿ ಬೇಕು, ಅಷ್ಟೆ. ಕಡೆಗೆ ಗಂಡನೇ ಸೋತು ಒಂದು ಬುದ್ಧಿಮಾತು ಹೇಳಿದರು. "ಗಾಡಿ ಮಾರೋರು ಯಾತಕ್ಕೆ ಅಂತ ಕೇಳ್ತಾರೆ. ಬಾಡಿಗೆಗೆ ಅಂತ ಹೇಳು. ಸುಳ್ಳೂ ಆಗಲ್ಲ."

ಹಳೆಯ ಗಾಡಿಗಳ ಅಂಗಡಿಯಲ್ಲಿ ಅಕ್ಕನಿಗೆ ಬೇಕಾದ್ದು ಸಿಕ್ಕಿತು. ಬೂದು ಬಣ್ಣದ ಎಸ್‌ಯುವಿ. ಇವರು ಕೂತರು, ಎದ್ದರು, ಅಡಿಗೆ ಬಗ್ಗಿ ನೆಲ ಬಡಿದು ನೋಡಿದರು. ಠಣ್ ಎಂದಿತು. ಓಡಿಸಿ ನೋಡಿದರು, ಏರಿನಲ್ಲಿ ಚಕಾರ ಎತ್ತಲಿಲ್ಲ. ಅಂಗಡಿಯ ಯಜಮಾನ ಕುರ್ಚಿ ಹಾಕಿಸಿ, ಟೀ ತರಿಸಿ, ಕೀಲಿಯನ್ನು ಅಕ್ಕನ ಕೈಗೇ ಕೊಟ್ಟ. ಆಮೇಲೆ ಸುಮ್ಮನೆ ಮಾತಿಗೆಂಬಂತೆ ಕೇಳಿದ. "ಫ್ಯಾಮಿಲಿಗಾ ಅಕ್ಕಾ, ಬಾಡಿಗೆಗಾ?"

ಬಾಡಿಗೆಗೆ ಎಂಬ ನಾಲ್ಕಕ್ಷರ ನಾಲಿಗೆಯ ತುದಿಗೆ ಬಂದಿತ್ತು. ಆದರೆ ನಾಲಿಗೆ ಹೊರಳಲಿಲ್ಲ. ಅದು ಯಾಕೆಂದು ಅಕ್ಕ ವಿವರಿಸುವುದು ಹೀಗೆ: "ಮುಚ್ಚಿಡೋಕೆ ನಾನೇನು ಕಳ್ಳಸಾಗಣೆ ಮಾಡ್ತಿದ್ದೀನಾ? ಬಾಡಿಗೆ ಅಂದಿದ್ರೆ, ಹಿಂದೆ ಮಲಗಿದ್ದೋರೆಲ್ಲ ಕೇಳಿಸ್ಕೋತಾರೆ ಅನ್ನಿಸ್ತು." ಅಕ್ಕ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟರು. ತೀರಿಕೊಂಡೋರನ್ನ ಮನೆಗೆ ಬಿಡೋಕೆ.

ಯಜಮಾನನ ಮುಖ ಹುಳಿ ತಿಂದಂತಾಯಿತು. ಕೈ ಚಾಚಿ, ಕೀಲಿಯನ್ನು ಅಕ್ಕನ ಅಂಗೈಯಿಂದ ಎತ್ತಿಕೊಂಡ. ಅಂಗೈ ತನಗೆ ತಗುಲದಂತೆ, ಎರಡು ಬೆರಳಲ್ಲಿ. "ತಪ್ಪು ತಿಳ್ಕೋಬೇಡಿ. ಇದಕ್ಕೆ ಬೇರೆಯವರು ಅಡ್ವಾನ್ಸ್ ಕೊಟ್ಟಿದ್ದಾರೆ, ಮರೆತೇಬಿಟ್ಟಿದ್ದೆ."

ಅಕ್ಕ ಏಳಲಿಲ್ಲ. ಆತನ ಮುಖವನ್ನು ಎಲ್ಲೋ ನೋಡಿದ್ದೇನೆಂದು ಬಂದಾಗಿನಿಂದ ತಲೆ ಕೆರೆದುಕೊಳ್ಳುತ್ತಿದ್ದರು. ಆ ಎರಡು ಬೆರಳು ನೋಡಿದಾಗ ನೆನಪಾಯಿತು. ಅದೇ ಬೆರಳುಗಳು ಒಂದು ಮಳೆಗಾಲದಲ್ಲಿ ಮುದುಕಿಯ ಡ್ಯಾಶ್‌ಬೋರ್ಡನ್ನು ದಾರಿಯುದ್ದಕ್ಕೂ ಗಟ್ಟಿಯಾಗಿ ಹಿಡಿದುಕೊಂಡಿದ್ದವು. ಅಕ್ಕ ಒಂದು ಹೆಸರು ಹೇಳಿದರು. ಆ ಯಜಮಾನನ ತಂದೆಯ ಹೆಸರು. "ನಿಮ್ಮ ತಂದೇನೇ ಅಲ್ವಾ? ಹಳ್ಳದಾಚೆ ಮನೆ. ನೀರು ಇಳಿಯೋ ತನಕ ಕಾದು ದಾಟಿಸಿದ್ದು ನಾನೇ. ನೀವು ಮುಂದೆ ಕೂತ್ಕೊಂಡು ಅಳ್ತಾ ಇದ್ರಿ."

ಯಜಮಾನ ಟೀ ಲೋಟವನ್ನು ಆ ಕಡೆಯಿಂದ ಈ ಕಡೆಗೆ ಇಟ್ಟ. ಕಣ್ಣು ಒದ್ದೆಯಾದದ್ದು ಸುಳ್ಳಲ್ಲ. ಆಮೇಲೆ ಆತ ಆಡಿದ ಮಾತೂ ಸುಳ್ಳಲ್ಲ. "ಆಯ್ತು ಅಕ್ಕಾ, ನಿಮಗೋಸ್ಕರ ಕೊಡ್ತೀನಿ. ರೇಟೂ ಇಳಿಸ್ತೀನಿ. ಕತ್ತಲಾದ ಮೇಲೆ ಬಂದು ತಗೊಂಡು ಹೋಗಿ. ಇಲ್ಲಿಂದ ತಗೊಂಡ್ರಿ ಅಂತ ಯಾರ ಹತ್ರಾನೂ ಬಾಯಿ ಬಿಡಬೇಡಿ. ವ್ಯಾಪಾರದ ವಿಷಯ ನೋಡಿ."

ಪಿತ್ತ ನೆತ್ತಿಗೇರುವುದು ಇಂಥ ಕಡೆಯೇ. ಅಪ್ಪನನ್ನು ಮನೆ ಮುಟ್ಟಿಸುವಾಗ ಬೇಕಾದ ಕೈ, ಗಾಡಿ ಕೊಳ್ಳಲು ಬಂದರೆ ಮೈಲಿಗೆ! ಈತನೊಬ್ಬನೇ ಅಲ್ಲ. ಅಕ್ಕನ ಬೀದಿಯವರು ತಮ್ಮ ಮನೆ ಮುಂದೆ ಆ ಗಾಡಿ ನಿಲ್ಲಿಸಗೊಡುವುದಿಲ್ಲ. ಹತ್ತಿರದ ನೆಂಟರು ಮದುವೆಗೆ ಕರೆಯುತ್ತಾರೆ, ಗಾಡಿ ತರಬೇಡ ಎಂದು ಬಾಲಂಗೋಚಿ ಸೇರಿಸಿ. ಇವರೆಲ್ಲರ ಫೋನಿನಲ್ಲೂ ಅಕ್ಕನ ನಂಬರು ಇದೆ, ಹೋಗಿ ನೋಡಿ. ಯಾಕಿದೆ? ಅವರನ್ನೇ ಕೇಳಿ.

ಅಕ್ಕ ಟೀ ಮುಟ್ಟದೆ ಎದ್ದರು. "ನನ್ನ ಗಾಡಿ ಹಗಲು ಹೊತ್ತು ಓಡಾಡುತ್ತಪ್ಪ. ಹಗಲಲ್ಲಿ ಕೊಡೋ ಹಾಗಿದ್ರೆ ಹೇಳು, ಇಲ್ಲದಿದ್ರೆ ನಿನ್ನ ಗಾಡಿ ನಿನಗೇ ಇರಲಿ."

ಅಲ್ಲಿಂದ ಸೀದಾ ಗ್ಯಾರೇಜಿಗೆ. ಈ ಮೆಕ್ಯಾನಿಕ್ ಕೂಡ ಏನು ಕಮ್ಮಿಯಲ್ಲ. ಇಷ್ಟು ವರ್ಷವೂ ಮುದುಕಿಯನ್ನು ಒಳಗೆ ಬಿಟ್ಟುಕೊಂಡದ್ದು ಬೇರೆ ಗಿರಾಕಿಗಳೆಲ್ಲ ಹೋದ ಮೇಲೆ, ಶಟರ್ ಅರ್ಧ ಎಳೆದುಕೊಂಡು. ಅಕ್ಕ ಗಾಡಿಯನ್ನು ಗ್ಯಾರೇಜಿನ ಬಾಯಿಗೇ ತಂದು ನಿಲ್ಲಿಸಿದರು. "ರಿಪೇರಿ ಮಾಡು. ನೆಲ ಪೂರ್ತಿ ಹೊಸದು ಹಾಕು. ಕದ್ದುಮುಚ್ಚಿ ಅಲ್ಲ, ಹಾಡುಹಗಲಲ್ಲಿ, ಎಲ್ಲರ ಗಾಡಿ ಜೊತೆ ಸಾಲಲ್ಲಿ ನಿಲ್ಲಿಸಿ ಮಾಡು."

"ಅಕ್ಕಾ, ನನ್ನ ಗಿರಾಕಿಗಳು..."

"ಯಾಕೆ, ನಿನ್ನ ಗಿರಾಕಿಗಳು ಯಾರೂ ಸಾಯಲ್ವಾ?"

ಮೆಕ್ಯಾನಿಕ್ ನಗಬಾರದೆಂದುಕೊಂಡರೂ ನಕ್ಕುಬಿಟ್ಟ. ಶಟರನ್ನು ತಲೆಯ ಮೇಲಕ್ಕೆ ಎತ್ತಿದ. ಒಬ್ಬ ಗಿರಾಕಿ ಮೂಗು ಮುರಿದು ತನ್ನ ಕಾರು ಹೊರಡಿಸಿಕೊಂಡು ಹೋದದ್ದೂ ಉಂಟು. "ಹೋಗಲಿ ಬಿಡಿ, ಎಲ್ಲಿಗೆ ಹೋಗ್ತಾರೆ, ಮತ್ತೆ ಬರ್ತಾರೆ" ಎನ್ನುತ್ತಾ ಆತ ತಗಡು ಕತ್ತರಿಸಲು ಕೂತ. ಅಕ್ಕನ ಗಂಡ ಆಟೋ ಹಿಡಿದು ಬಂದು, ಬೆನ್ನಿಗೆ ದಿಂಬು ಕೊಟ್ಟುಕೊಂಡು ಪಕ್ಕದಲ್ಲೇ ಠಿಕಾಣಿ ಹೂಡಿದರು. ಹಲಗೆಯ ಅಡಿಗೆ ಅಡ್ಡಪಟ್ಟಿ ಕೊಡಿಸಿದ್ದು, ಒಂದು ಬೋಲ್ಟಿದ್ದ ಕಡೆ ಎರಡು ಹಾಕಿಸಿದ್ದು ಅವರೇ.

ಕೂಡಿಟ್ಟದ್ದೆಲ್ಲ ಆ ನೆಲಕ್ಕೇ ಹೋಯಿತು. ಇಂಜಿನ್ ಇನ್ನೂ ಕೆಮ್ಮುತ್ತದೆ, ಬಾಗಿಲುಗಳ ಮರ್ಜಿ ಹಾಗೇ ಇದೆ. ಬುದ್ಧಿವಂತರ ಲೆಕ್ಕದಲ್ಲಿ ಇದು ದಂಡದ ಖರ್ಚು. ಆದರೆ ಗಾಡಿ ಗ್ಯಾರೇಜಿನಲ್ಲಿದ್ದ ದಿನಗಳಲ್ಲಿ ಮೇಲಿನೂರಿನ ತಾಯಿಯೊಬ್ಬಳು ತನ್ನ ಮಗಳನ್ನು ಸಿಮೆಂಟು ಚೀಲಗಳ ಮೇಲೆ ಮಲಗಿಸಿಕೊಂಡು ಮನೆಗೆ ಹೋದಳು. ಬುದ್ಧಿವಂತರು ತಮ್ಮ ಲೆಕ್ಕದಲ್ಲಿ ಆ ತಾಯಿಯನ್ನು ಎಲ್ಲಿ ಸೇರಿಸಿದ್ದಾರೋ ಕೇಳಬೇಕು.

ಈಗ ಮತ್ತೆ ಬೆಳಗಿನ ಜಾವ. ಅದೇ ಹಿಂದಿನ ಗೇಟು, ಅದೇ ಕಸದ ಡಬ್ಬಗಳು. ನೆರಳಿನ ಜಾಗದ ಮಾತಿಗೆ ಕಚೇರಿ ಇನ್ನೂ ಹೂಂ ಎಂದಿಲ್ಲ. ಅಕ್ಕ ಹಿಂದಿನ ಬಾಗಿಲು ತೆರೆದಿಟ್ಟು, ಹೊಸ ತಗಡಿನ ಮೇಲೆ ಕೂತ ದೂಳನ್ನು ಬಟ್ಟೆಯಿಂದ ಒರೆಸುತ್ತಿದ್ದಾರೆ. ಅಟೆಂಡರ್ ಹೊರಗೆ ಬಂದು ಬಗ್ಗಿ ನೋಡುತ್ತಾನೆ. ಮುಷ್ಟಿಯಿಂದ ನೆಲ ಗುದ್ದುತ್ತಾನೆ. ಠಣ್ ಎನ್ನುತ್ತದೆ.

"ಅಕ್ಕಾ, ಬಾಡಿ ಮಸ್ತಾಗಿದೆ!"

ಅಕ್ಕ ಬಟ್ಟೆ ಕೊಡವಿ ಸೆಟೆದು ನಿಲ್ಲುತ್ತಾರೆ. ಬಾಯಿ ತೆರೆಯುವಷ್ಟರಲ್ಲಿ ಅಟೆಂಡರ್ ಎರಡೂ ಕೈ ಎತ್ತಿಬಿಡುತ್ತಾನೆ. "ಗಾಡೀದು ಅಕ್ಕಾ, ಗಾಡೀದು ಹೇಳಿದ್ದು!" ಆಮೇಲೆ ಯಾರೂ ಕೇಳದೆಯೇ, ಒಳಗಿರುವವರ ಹೆಸರನ್ನು ತಂದೆಯ ಹೆಸರಿನ ಸಮೇತ ಹೇಳುತ್ತಾನೆ.

ಅಕ್ಕ ಆ ಹೆಸರನ್ನು ಒಮ್ಮೆ ಬಾಯಲ್ಲಿ ಹೇಳಿಕೊಳ್ಳುತ್ತಾರೆ. ಹಲಗೆಯ ಮೇಲಿನ ಬಟ್ಟೆಯ ಸುಕ್ಕು ಬಿಡಿಸುತ್ತಾರೆ.

"ಹೂಂ, ಕರ್ಕೊಂಡು ಬಾ ಮತ್ತೆ. ಮನೇಲಿ ಕಾಯ್ತಿರ್ತಾರೆ."