ಅವ್ವನ ಗೋಡೆಯ ಮೇಲಿನ ಹೊಲ

ಮಸ್ಕಿಯ ಅವ್ವನ ಮನೆಯಲ್ಲಿ ಒಳ್ಳೆಯ ಗೋಡೆ ಅಂತ ಇರುವುದು ಒಂದೇ. ಬಾಗಿಲು ತೆರೆದರೆ ಎದುರಿಗೇ ಕಾಣುವ ಗೋಡೆ. ಅದು ನನ್ನದೆಂದು ನಾನು ಬಹಳ ವರ್ಷ ನಂಬಿದ್ದೆ. ಸಂತೆಕಲ್ಲೂರಿನ ನಮ್ಮ ಹೊಲವನ್ನು ಬಿಡಿಸಿ ನಾನೇ ಅಲ್ಲಿ ತೂಗುಹಾಕಿದ್ದೆ. ಬದುವಿನ ಬೇವಿನ ಮರ, ಜೋಳದ ತೆನೆ, ದೂರದ ಗುಡ್ಡ, ಎಲ್ಲ ಇದ್ದದ್ದು ಇದ್ದ ಹಾಗೆ. ಸಿಂಧನೂರಿನಲ್ಲಿ ಮಕ್ಕಳಿಗೆ ಡ್ರಾಯಿಂಗ್ ಕಲಿಸಿ ಕೂದಲು ಬೆಳ್ಳಗಾದವಳು ನಾನು. ನಾನು ಬರೆದ ಜೋಳದ ಗರಿಯನ್ನು ಯಾರೂ ಕಬ್ಬಿನದು ಎಂದವರಿಲ್ಲ.

ಹೋದ ಸಲ ಎಳ್ಳಮಾಸಿಯ, ಅಂದರೆ ಎಳ್ಳು ಅಮಾವಾಸ್ಯೆಯ, ಹಿಂದಿನ ದಿನ ಹೋದರೆ ಆ ಗೋಡೆಯ ಮೇಲೆ ತಂಗಿಯ ಚಿತ್ರವಿತ್ತು. ನನ್ನದು ಅಡುಗೆಮನೆಯಲ್ಲಿ, ನೀರಿನ ಫಿಲ್ಟರಿನ ಪಕ್ಕಕ್ಕೆ ಹೋಗಿತ್ತು.

ತಂಗಿ ಲಿಂಗಸುಗೂರಿನಲ್ಲಿ ಬ್ಯಾಂಕಿನ ನೌಕರಿಯಲ್ಲಿದ್ದಾಳೆ. ಅವಳು ಚಿತ್ರಕ್ಕೆ ಕೈ ಹಾಕಿದ್ದೇ ಇತ್ತೀಚೆಗೆ. ಬ್ರಷ್ಷನ್ನೂ ಹಿಡಿಯುವುದಿಲ್ಲ, ಗೋಡೆಗೆ ಪುಟ್ಟಿ ಹಚ್ಚುವ ತಗಡಿನಿಂದ ಬಣ್ಣ ಮೆತ್ತುತ್ತಾಳೆ, ಎಳೆಯುತ್ತಾಳೆ, ಕೆರೆಯುತ್ತಾಳೆ. ಮೊಬೈಲ್ ನೋಡಿ ಕಲಿತ ವಿದ್ಯೆ. ಅದಕ್ಕೆ ಜನ ಅಮೂರ್ತ ಅನ್ನುತ್ತಾರೆ, ನೆನಪಿನ ಭೂದೃಶ್ಯ ಅನ್ನುತ್ತಾರೆ, ಕಲಬುರಗಿಗೆ ಕರೆದು ಪ್ರದರ್ಶನದಲ್ಲಿ ಇಡುತ್ತಾರೆ. ನಾನು ಬರೆದ ದಢೇಸುಗೂರಿನ ಕಾಲುವೆ, ಭತ್ತದ ಗದ್ದೆ, ಬೆಳ್ಳಕ್ಕಿಗಳೆಲ್ಲ ಗೃಹಪ್ರವೇಶದ ಉಡುಗೊರೆಗಳಾಗಿ ಗಡಿಯಾರಗಳ ಸಾಲಿಗೆ ಸೇರಿದವು. ಸುತ್ತಿ ಬಳಸಿ ಹೇಳುವುದೇನಿದೆ, ನನಗೆ ಹೊಟ್ಟೆಕಿಚ್ಚು.

ಗೋಡೆಯ ಮೇಲಿದ್ದ ಅವಳ ಚಿತ್ರದ ಮೇಲರ್ಧ ಕರಿ ಬಣ್ಣ. ಕೆಳಗೆ ಮಾಸಲು ಬಿಳುಪು, ನಡುವೆ ಹಸಿರು ಗೀರುಗಳು, ಅವುಗಳೊಳಗೆ ಒಂದು ಕೆಂಪು ಮುದ್ದೆ. ಮಗ್ಗುಲ ಮನೆಯಾಕೆ ಬಂದು ನಿಂತು ಹೇಳಿದಳು: "ಮಳಿ ಮೋಡ ಹೆಂಗ ಕವಿದಾವ ನೋಡ್ರಿ ಟೀಚರ್!"

"ನಮ್ಮ ಹೊಲ ಅಂತ ಹೇಳಿ ಕಳಿಸ್ಯಾಳ," ಅಂದಳು ಅವ್ವ. "ಬಸ್ಸಿನ್ಯಾಗ ಬಂತು. ಕರೆಂಟಿನ ಹುಡುಗನ್ನ ಕರದು ಮೊಳಿ ಹೊಡಿಸೀನಿ. ನನಗೇನೂ ತಿಳಿಯಂಗಿಲ್ಲವಾ, ಆದ್ರ ನೋಡಕೋಂತ ಕುಂತ್ರ ಎದ್ದು ಹೋಗಾಕ ಮನಸಾಗಂಗಿಲ್ಲ."

ನನ್ನ ಚಿತ್ರದ ಮುಂದೆ ಅವ್ವ ಕುಳಿತದ್ದನ್ನು ನಾನು ಕಂಡಿಲ್ಲ. ಛಲೋ ಐತಿ ಅನ್ನುತ್ತಿದ್ದಳು, ಒರೆಸುತ್ತಿದ್ದಳು, ಅಷ್ಟೇ. ಸಿಟ್ಟಿಗೆ ಅಲ್ಲೇ ತಂಗಿಗೆ ಫೋನ್ ಹಚ್ಚಿದೆ.

"ನಮ್ಮ ಹೊಲದಾಗ ಬೇವಿನ ಮರ ಇತ್ತಲ್ಲ, ಎಲ್ಲೈತಿ ಅದು?"

"ನೋಡಿ ಬಿಡಿಸಿದ್ದಲ್ಲಕ್ಕ. ನೆನಸಿ ಬಿಡಿಸಿದ್ದು."

ಏನು ನೆನಪಿದ್ದೀತು ಇವಳಿಗೆ? ಎಳ್ಳಮಾಸಿಗೆ ಹೊಲಕ್ಕೆ ಹೋದಾಗ ಚರಗ ಚೆಲ್ಲುತ್ತಿದ್ದವಳು ನಾನು. ಮಾಡಿದ ಅಡುಗೆಯನ್ನೆಲ್ಲ ಕಲಸಿ ಭೂಮಿತಾಯಿಗೆ ಬೀರುವ ಆ ಕೆಲಸ ಬೇರೆಯವರ ಮನೆಗಳಲ್ಲಿ ಗಂಡಸರದು. ನಮ್ಮಲ್ಲಿ ಇಬ್ಬರೂ ಹೆಣ್ಣುಮಕ್ಕಳು, ಹಾಗಾಗಿ ಬುಟ್ಟಿ ನನ್ನ ಕೈಗೆ ಬಂತು. "ಹುಲ್ಲುಲ್ಲಿಗೋ" ಎಂದು ಕೂಗುತ್ತ ನಾನು ಮುಂದೆ. ತಂಬಿಗೆ ಹಿಡಿದು, ಚರಗ ಬಿದ್ದಲ್ಲೆಲ್ಲ ನೀರು ಚಿಮುಕಿಸುತ್ತ ಅವಳು ಹಿಂದೆ. ಚರಗ ಚೆಲ್ಲುವವರು ಹಿಂತಿರುಗಿ ನೋಡಬಾರದು. ಅದು ಅಪ್ಪ ಹಾಕಿದ ಕಟ್ಟಳೆ. ನಾನು ನೋಡುತ್ತಿರಲಿಲ್ಲ. ಇಡೀ ಹೊಲ ನನ್ನ ಕಣ್ಣೆದುರಿಗೇ ಇರುತ್ತಿತ್ತು. ಹಿಂದಿದ್ದವಳಿಗೆ ಏನು ಕಂಡೀತು?

ಉಂಡ ಮೇಲೆ ಪಡಸಾಲೆಯಲ್ಲಿ ಚಾಪೆ ಹಾಸಿ ಮಲಗಿದೆ. ತಲೆ ಆ ಗೋಡೆಯ ಕಡೆಗಿತ್ತು. ನಿದ್ದೆ ಬರಲಿಲ್ಲ, ಹೊಟ್ಟೆಯಲ್ಲಿ ಅಷ್ಟು ಉರಿ ಇದ್ದರೆ ಎಲ್ಲಿಯ ನಿದ್ದೆ. ಕತ್ತು ಹಿಂದಕ್ಕೆ ಚಾಚಿ ಆ ದರಿದ್ರ ಚಿತ್ರವನ್ನೇ ನೋಡಿದೆ. ಮಲಗಿದವಳ ಕಣ್ಣಿಗೆ ಮೇಲಿನದು ಕೆಳಗಾಯಿತು.

ಕರಿ ಬಣ್ಣ ಮೋಡವಲ್ಲ, ನಮ್ಮ ಎರೆ ಮಣ್ಣು. ಮಾಸಲು ಬಿಳುಪು ಚಳಿಗಾಲದ ಆಕಾಶ. ನಡುವೆ, ತಲೆ ಮುಳುಗುವಂಥ ಜೋಳ. ಆ ಜೋಳದೊಳಗೆ ಹೊಕ್ಕು ಹೋಗುತ್ತಿರುವ ಕೆಂಪು, ಅದರ ಕೆಳಗಿನ ಮೂಲೆಯಲ್ಲಿ ಒಂದಿಷ್ಟು ಅರಿಶಿನದ ಬಣ್ಣ. ಅದು ನನ್ನ ಲಂಗ. ಹಿಂಭಾಗದಲ್ಲಿ ಮುಳ್ಳಿಗೆ ಹರಿದಿದ್ದಕ್ಕೆ ಅವ್ವ ಹಳದಿ ತೇಪೆ ಹಚ್ಚಿದ್ದಳು. ಕಣ್ಣು, ಮೂಗು, ಕೈ, ಕಾಲು ಯಾವುದೂ ಇಲ್ಲದೆ ಬರೀ ನನ್ನ ಬೆನ್ನು ಅಲ್ಲಿ ನಡೆದು ಹೋಗುತ್ತಿತ್ತು.

ಕರೆಂಟಿನ ಹುಡುಗ ತಲೆಕೆಳಗು ತೂಗುಹಾಕಿದ್ದ. ಅದು ಗೊತ್ತಾದದ್ದು ನನಗೊಬ್ಬಳಿಗೆ. ಸುಮ್ಮನಿದ್ದುಬಿಡಲೇ ಎನಿಸಿತು. ನಾಳೆ ತಂಗಿ ಬಂದು ನೋಡಲಿ, ಅವಳ ಹೊಲ ಆಕಾಶದಲ್ಲಿ ಜೋತಾಡಲಿ, ಓಣಿಯ ಮಂದಿ ನಗಲಿ. ಸರಿಮಾಡಿದರೆ ಇದು ನಮ್ಮ ಹೊಲವೇ ಎಂದು ನನ್ನ ಬಾಯಿಂದಲೇ ಒಪ್ಪಿದಂತೆ. ಸ್ವಲ್ಪ ಹೊತ್ತು ಹಾಗೇ ಬಿದ್ದುಕೊಂಡಿದ್ದೆ. ನನ್ನ ಬೆನ್ನು ತಲೆಕೆಳಗಾಗಿ ನೇತಾಡುವುದನ್ನು ನೋಡಲಾಗದೆ ಎದ್ದು ಕುರ್ಚಿ ಎಳೆದೆ.

"ಯಾಕ ತಿರುಗಿಸಾಕತ್ತಿ?" ಅಂದಳು ಅವ್ವ.

"ಉಲ್ಟಾ ಹಾಕಿದ್ರು."

ಅವ್ವ ಬಂದು ನೋಡಿದಳು. ಬಹಳ ಹೊತ್ತು ನೋಡಿದಳು. ನಾನು ಅಡುಗೆಮನೆಗೆ ಹೋಗಿ ನನ್ನ ಚಿತ್ರದ ಮುಂದೆ ನಿಂತೆ. ಬೇವು, ತೆನೆ, ಗುಡ್ಡ ಎಲ್ಲ ಇದ್ದವು. ಅದರಲ್ಲಿ ತಂಗಿ ಎಲ್ಲಿಯೂ ಇರಲಿಲ್ಲ. ಅದನ್ನು ಕಂಡ ಮೇಲೆ ನನಗೆ ಅವಳ ಮೇಲಿದ್ದ ಹೊಟ್ಟೆಕಿಚ್ಚು ಇನ್ನಷ್ಟು ಹೆಚ್ಚಾಯಿತು. ಅವಳಿಗೆ ನೋಡಲು ಮುಂದೆ ಅಕ್ಕ ಇದ್ದಳು. ನನ್ನ ಮುಂದೆ ಬರೀ ಹೊಲವಿತ್ತು.

ಮರುದಿನ ತಂಗಿ ಬಂದಳು, ಹೊಲಕ್ಕೆ ಹೋದೆವು. ಚರಗದ ಬುಟ್ಟಿಯನ್ನು ಅವಳ ಕೈಗಿಟ್ಟು ತಂಬಿಗೆ ಕಸಿದುಕೊಂಡೆ.

"ಈ ಸಲ ನೀ ಮುಂದ ನಡಿ."

"ಯಾಕಕ್ಕ?"

"ನಾನೂ ಒಂದಿಷ್ಟು ನೋಡ್ತೀನಿ. ಎಲ್ಲಾ ನೀನ ನೋಡೀಯೇನು?"

ಅವಳು ನಕ್ಕು, ಕೂಗುತ್ತ, ಬೀರುತ್ತ ಜೋಳದೊಳಗೆ ಹೊಕ್ಕಳು. ನಾನು ನೀರು ಚಿಮುಕಿಸುತ್ತ ಅವಳ ನೀಲಿ ಚೂಡಿದಾರದ ಬೆನ್ನಿನಿಂದ ಕಣ್ಣು ಕೀಳದೆ ನಡೆದೆ. ನಡು ಹೊಲದಲ್ಲಿ ಅವಳು ನಿಂತಳು. ನಾನು ಬರುತ್ತಿದ್ದೇನೋ ಇಲ್ಲವೋ ಎಂದು ತಿರುಗಿ ನೋಡಿದಳು.

ನೋಡಬಾರದಿತ್ತು, ನೋಡಿಬಿಟ್ಟಳು. ಬುಟ್ಟಿ ನನ್ನ ಕೈಯಲ್ಲಿದ್ದಷ್ಟು ವರ್ಷ ನಾನು ಒಮ್ಮೆಯೂ ನೋಡಿರಲಿಲ್ಲ.