ಹೂಂಗುಟ್ಟುವ ವಿದ್ಯಾರ್ಥಿನಿ

ವಿದೇಶದ ಮನ್ರೋ ಊರಿನ ಅನುಶ್ರೀಗೆ ಯಾವುದನ್ನೂ ಶುರುಮಾಡಲು ಬೇರೆಯವರು ಹೇಳಬೇಕಾಗಿರಲಿಲ್ಲ; ಮುಗಿಸಲು ಮಾತ್ರ ಯಾರು ಹೇಳಿದರೂ ಆಗುತ್ತಿರಲಿಲ್ಲ. ಅವಳ ವಯಲಿನ್, ಟೆನಿಸ್ ರಾಕೆಟ್ ಎರಡೂ ಗ್ಯಾರೇಜಿನಲ್ಲಿ ಹೊಸದರಂತೆಯೇ ನಿದ್ದೆಹೋಗಿದ್ದವು. ಈ ಮೇ ತಿಂಗಳಲ್ಲಿ ಕಾಲೇಜು ಮುಗಿಸಿದ ಮಗಳು, ಮಂಗೋಲಿಯಾದ ಹಳ್ಳಿ ಶಾಲೆಯಲ್ಲಿ ಒಂದು ವರ್ಷ ಸಂಬಳವಿಲ್ಲದೆ ಇಂಗ್ಲಿಷ್ ಕಲಿಸಲು ಹೋಗುತ್ತೇನೆ ಎಂದಾಗ ತಾಯಿ ಸುಪ್ರಿಯಾ ವಾದಕ್ಕಿಳಿಯಲಿಲ್ಲ. ಮೊಣಕಾಲು ಮುಚ್ಚುವ ದಪ್ಪ ಕೋಟು ತಂದಳು. ಅದರ ಬೆಲೆಚೀಟಿ ಮಾತ್ರ ಕೀಳಲಿಲ್ಲ. ಚೀಟಿ ಇದ್ದರೆ ಅಂಗಡಿಯವರು ವಾಪಸ್ ತೆಗೆದುಕೊಳ್ಳುತ್ತಾರೆ.

ತೋಳಿನಿಂದ ನೇತಾಡುವ ಆ ಚೀಟಿ ಅನುಶ್ರೀಯನ್ನು ದಿನಾ ಅಣಕಿಸುತ್ತಿತ್ತು. ಕಳಿಸುವ ಸಂಸ್ಥೆಯದೂ ಒಂದು ಷರತ್ತು ಉಳಿದಿತ್ತು: ಶನಿವಾರ, ಇಂಗ್ಲಿಷ್ ಬಾರದ ಯಾರಿಗಾದರೂ ಪಾಠ ಮಾಡಿ, ವಿಡಿಯೊ ಕಾಲ್‌ನಲ್ಲಿ ತರಬೇತುದಾರಳಿಗೆ ತೋರಿಸಬೇಕು. ಸರಿಬಾರದಿದ್ದರೆ ಈ ವರ್ಷದ ಮಾತು ಮರೆಯಬೇಕು.

ಮನ್ರೋದಲ್ಲಿ ಇಂಗ್ಲಿಷ್ ಬಾರದವರನ್ನು ಎಲ್ಲಿಂದ ತರುವುದು? ಅಲ್ಲಿ ತೊಟ್ಟಿಲ ಕೂಸೂ ಇಂಗ್ಲಿಷಿನಲ್ಲೇ ಹಟ ಮಾಡುತ್ತದೆ. ಪುಣ್ಯಕ್ಕೆ ಸುಪ್ರಿಯಾಳ ತಾಯಿ, ಅನುಶ್ರೀಯ ಆಯಿ, ನಿಂಗಮ್ಮ ವಿಜಯಪುರದಿಂದ ಬಂದಿದ್ದಳು. ಆನ್, ಇನ್, ಅಂಡರ್ ಎಂದು ಮೊಮ್ಮಗಳು ಕಪ್ಪನ್ನು ಅಲ್ಲಿಲ್ಲಿ ಇಟ್ಟು ಹೇಳಿದ್ದಕ್ಕೆಲ್ಲ ಆಯಿ ತಲೆಯಾಡಿಸುತ್ತಿದ್ದಳು.

"ಅಂಡರ್‌ಸ್ಟ್ಯಾಂಡ್ ಆಯ್ತಾ ಆಯಿ?"

"ಹೂಂ."

ಇಂಥ ಶಿಷ್ಯೆ ಸಿಕ್ಕರೆ ಯಾರಾದರೂ ಮಾಸ್ತರಾದಾರು. ಗುರುವಾರ ಸುಪ್ರಿಯಾ ಬಾಗಿಲಲ್ಲಿ ನಿಂತು ನೋಡಿದಳು.

"ಅವ್ವಾ, ಕಪ್ ಎಲ್ಲೈತಿ? ಇಂಗ್ಲಿಷಿನ್ಯಾಗ ಹೇಳು ನೋಡೂಣು."

"ನನಗೇನ್ ಗೊತ್ತು?"

"ಮತ್ತ ಇಷ್ಟ ದಿನ ಹೂಂ ಹೂಂ ಅಂದಿ?"

"ಹೇಳೂ ಮುಂದ ಹೂಂ ಅನ್ನಲಿಲ್ಲಂದ್ರ ಹೇಳವ್ರಿಗೆ ಬ್ಯಾಸರ ಆಗೂದಿಲ್ಲೇನು? ಈಕಿ ಸಣ್ಣಾಕಿ ಇದ್ದಾಗ ನಾ ಫೋನಿನ್ಯಾಗ ಕಥಿ ಹೇಳ್ತಿದ್ನಿ, ಈಕೀನೂ ಹೂಂ ಅಂತಿದ್ಲು. ಎಲ್ಲಾ ತಿಳೀತಿತ್ತೇನ್ ಈಕಿಗಿ?"

ಆಗ ಅನುಶ್ರೀ ಫೋನನ್ನು ದಿಂಬಿನ ಮೇಲಿಟ್ಟು, ಐಪ್ಯಾಡಿನಲ್ಲಿ ಕಾರ್ಟೂನ್ ನೋಡುತ್ತ ಹೂಂಗುಟ್ಟುತ್ತಿದ್ದಳು. ಆ ಸರಕು ಈಗ ಮನೆಗೇ ವಾಪಸ್ ಬಂದಿತ್ತು. ಸುಪ್ರಿಯಾ ಒಮ್ಮೆ ಕೋಟಿನ ಕಡೆ ನೋಡಿ ಹೋದಳು, ಅಷ್ಟೇ. ಬೈದಿದ್ದರೂ ವಾಸಿಯಿತ್ತು.

ಶುಕ್ರವಾರ ಅನುಶ್ರೀ ಕಪ್ಪನ್ನು ಅಡುಗೆಮನೆಗೆ ಕಳಿಸಿ, ಆಯಿಯ ಎಲೆಅಡಿಕೆ ಡಬ್ಬಿ ಎತ್ತಿಕೊಂಡಳು.

"ಇನ್ನ ನೋ ಹೂಂ, ಆಯಿ. ಡಬ್ಬಿ ಎಲ್ಲೈತಿ ಅಂತ ಇಂಗ್ಲಿಷ್‌ನ್ಯಾಗ ಹೇಳಿದ್ರ ಅಷ್ಟ ಕೊಡ್ತೀನಿ."

"ಎಲಾ ಇಕಿನ! ಇದ್ಯಾತರ ಸಾಲಿ?" ಎಂದು ಆಯಿ ಗೊಣಗಿದಳು. ಆದರೂ ಎಲೆಅಡಿಕೆಯ ಗರಜು ಗಿರಾಕಿಯದು, ಎದ್ದು ಹೋಗಲಿಲ್ಲ.

ಶನಿವಾರ ಪರದೆಯಲ್ಲಿ ತರಬೇತುದಾರಳು ನಗದೆ ಕೂತಿದ್ದಳು. ಅನುಶ್ರೀ ಡಬ್ಬಿಯನ್ನು ಕುರ್ಚಿಯ ಕೆಳಗಿಟ್ಟು, ಎಲ್ಲಿದೆ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಆಯಿಯ ತುಟಿಯ ಆಕಾರ ನೋಡಿದರೆ ಹೂಂ ಬರುವಂತಿತ್ತು. ತಿಳಿಯಿತಾ ಎಂಬ ಪ್ರಶ್ನೆ ಅನುಶ್ರೀಯ ಗಂಟಲಿಗೆ ಬಂದಿತ್ತು, ನುಂಗಿಕೊಂಡು ಕಾದಳು.

"ಆನ್..." ಎಂದಳು ಆಯಿ. ಬಗ್ಗಿ ನೋಡಿದಳು. "ಅಲ್ಲಲ್ಲ! ಅಂಡರ್! ಅಂಡರ್ ದಿ ಚೇರ್! ಕೊಡವಾ ಇನ್ನ, ಬಾಯಿ ಒಣಗೈತಿ!"

ಕೊನೆಗೆ ಅವರು ಹೇಳಿದ್ದೇನು ಎಂದು ತರಬೇತುದಾರಳು ಕೇಳಿದಳು.

"ಪ್ಲೀಸ್ ಅಂದರು," ಎಂದಳು ಅನುಶ್ರೀ.

ತರಬೇತುದಾರಳಿಗೆ ನಗು ಬಂತು. ನಿಮ್ಮ ವಿದ್ಯಾರ್ಥಿನಿ ತಪ್ಪನ್ನು ತಾವೇ ತಿದ್ದಿಕೊಂಡರು, ನನಗೆ ಬೇಕಾಗಿದ್ದು ಅದೇ. ಟಿಕೆಟ್ ಮಾಡಿಸಿ ಎಂದಳು.

ಅನುಶ್ರೀ ಕುರ್ಚಿಯಲ್ಲಿ ಕುಸಿದು ಉಸಿರು ಬಿಟ್ಟಳು. ವಾರದಿಂದ ಸರಿಯಾಗಿ ಉಸಿರಾಡಿದ್ದೇ ಇಲ್ಲವೇನೋ ಅನ್ನಿಸಿತು. ಆಯಿ ಆಗಲೇ ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಅಡುಗೆಮನೆಯಲ್ಲಿ ಡ್ರಾಯರ್ ಎಳೆದ ಸದ್ದಾಯಿತು. ಸುಪ್ರಿಯಾ ಕತ್ತರಿ ಹಿಡಿದು ಬಂದು ಕೋಟಿನ ತೋಳು ಎಳೆದುಕೊಂಡಳು.

"ಒಮ್ಮೆ ಕಟ್ ಮಾಡಿದ್ರ ವಾಪಸ್ ತಗೊಳ್ಳೂದಿಲ್ಲ, ನೋಡ."

"ಹೂಂ," ಎಂದಳು ಅನುಶ್ರೀ.

"ತಿಳದ ಹೂಂ ಅಂದ್ಯೋ, ಸುಮ್ನ ಅಂದ್ಯೋ?" ತಾಂಬೂಲ ತುಂಬಿದ ಬಾಯಲ್ಲೇ ಆಯಿ ಕೇಳಿದಳು.

"ತಿಳದ ಅಂದೆ, ಆಯಿ."

ಸುಪ್ರಿಯಾ ಕತ್ತರಿ ಆಡಿಸಿದಳು.